ಬಿಪಿ ಮಾತ್ರೆ ಶುರುವಾದ ಮೇಲೆ ಅಮ್ಮನ ವಸಡು ಬೆಳೆಯುತ್ತಿದೆ, ಮಾತ್ರೆ ಬಿಡಿಸಬಹುದೇ?

ಪ್ರಶ್ನೆ: ನನ್ನ ತಾಯಿಗೆ 58 ವರ್ಷ. ಹಾಸನದ ಹತ್ತಿರ ಊರಲ್ಲಿದ್ದಾರೆ. ಎರಡು ವರ್ಷದಿಂದ ಬಿಪಿಗೆ ಅಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೊದಲು 5 ಮಿಲಿಗ್ರಾಂ ಇತ್ತು, ಕಳೆದ ವರ್ಷ 10 ಮಾಡಿದರು. ಶುಗರ್‌ಗೆ ಮೆಟ್‌ಫಾರ್ಮಿನ್ ಕೂಡ ಇದೆ. ಆರೇಳು ತಿಂಗಳಿಂದ ಮುಂದಿನ ಹಲ್ಲುಗಳ ಸಂದಿಯಲ್ಲಿ ವಸಡು ಗುಂಡಗೆ ಉಬ್ಬಿ, ಈಗ ಹಲ್ಲಿನ ಮೂರನೇ ಒಂದು ಭಾಗ ಮುಚ್ಚಿದೆ. ನೋವಿಲ್ಲ, ಆದರೆ ಹಲ್ಲುಜ್ಜುವಾಗ ರಕ್ತ ಬರುತ್ತದೆ. ಪರಿಚಯದವರೊಬ್ಬರು ಇದು ಬಿಪಿ ಮಾತ್ರೆಯಿಂದ ಆಗಿದ್ದು ಎಂದರು. ಅಂದಿನಿಂದ ಅಮ್ಮ ಮಾತ್ರೆ ಬಿಟ್ಟಿದ್ದಾರೆ, ಇವತ್ತಿಗೆ ನಾಲ್ಕು ದಿನ. "ಏನೂ ಆಗಲಿಲ್ಲ ನೋಡು" ಎನ್ನುತ್ತಾರೆ. ನಿಜವಾಗಿಯೂ ಮಾತ್ರೆಯಿಂದ ವಸಡು ಬೆಳೆಯುತ್ತಾ? ಹಲ್ಲು ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ಅಮ್ಮ ಒಪ್ಪುತ್ತಿಲ್ಲ. ಇನ್ನೊಂದು ವಿಷಯ, ನನ್ನ ಅಣ್ಣನ ಮಗನಿಗೆ ಒಂಬತ್ತು ವರ್ಷ. ಫಿಟ್ಸ್‌ಗೆ ಹೋದ ತಿಂಗಳು ಎಪ್ಟಾಯಿನ್ ಶುರು ಮಾಡಿದ್ದಾರೆ. ಅವನಿಗೂ ಹೀಗಾಗುತ್ತಾ?

ಉತ್ತರ: ಇದನ್ನು ಪೂರ್ತಿ ಓದುವ ಮೊದಲು ಅಮ್ಮನಿಗೆ ಒಂದು ಫೋನ್ ಮಾಡಿ. ಬಿಪಿ ಮಾತ್ರೆಯನ್ನು ಇವತ್ತೇ ಮತ್ತೆ ಶುರು ಮಾಡಲು ಹೇಳಿ. ಬಿಟ್ಟ ದಿನಗಳದ್ದನ್ನೆಲ್ಲ ಸೇರಿಸಿ ನುಂಗುವುದು ಬೇಡ, ಎಂದಿನ ಹಾಗೆ ಒಂದೇ. ನಾಳೆ ಹತ್ತಿರದ ಆಸ್ಪತ್ರೆಯಲ್ಲಿ ಬಿಪಿ ನೋಡಿಸಲಿ. ಆಮೇಲೆ ವಸಡಿನ ಮಾತು.

ಅಮ್ಮ "ಏನೂ ಆಗಲಿಲ್ಲ" ಎನ್ನುವುದು ಸುಳ್ಳಲ್ಲ. ಅಮ್ಲೋಡಿಪಿನ್ ತುಂಬ ನಿಧಾನವಾಗಿ ದೇಹದಿಂದ ಹೊರಗೆ ಹೋಗುವ ಔಷಧಿ. ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ಅಂದರೆ ನಾಲ್ಕನೇ ದಿನವೂ ಹಳೇ ಮಾತ್ರೆ ಸ್ವಲ್ಪ ಕೆಲಸ ಮಾಡುತ್ತಲೇ ಇರುತ್ತದೆ. ವಾರ ಹತ್ತು ದಿನ ಕಳೆಯುವಷ್ಟರಲ್ಲಿ ಅದು ಪೂರ್ತಿ ಖಾಲಿ. ಆಗ ಬಿಪಿ ಸದ್ದಿಲ್ಲದೆ ಏರುತ್ತದೆ. ತಲೆನೋವು, ತಲೆಸುತ್ತು ಏನೂ ಇಲ್ಲದೆ ಏರಬಹುದು. ಶುಗರ್ ಕೂಡ ಇರುವವರಿಗೆ ಲಕ್ವ, ಹೃದಯಾಘಾತ, ಕಿಡ್ನಿ ತೊಂದರೆಯ ಅಪಾಯ ಮೊದಲೇ ಜಾಸ್ತಿ. ವಸಡು ಬೆಳೆದರೆ ಸರಿ ಮಾಡಲು ಹತ್ತು ದಾರಿ ಇವೆ. ಲಕ್ವ ಹೊಡೆದರೆ ಅಷ್ಟು ದಾರಿಗಳಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ನಿಮ್ಮ ಮೊದಲ ಪ್ರಶ್ನೆ. ಹೌದು, ಮಾತ್ರೆಯಿಂದ ವಸಡು ಬೆಳೆಯುತ್ತದೆ. ನಿಮ್ಮ ಪರಿಚಯದವರು ಹೇಳಿದ್ದರಲ್ಲಿ ಅರ್ಧ ಸರಿಯಾಗಿದೆ. ಉಳಿದ ಅರ್ಧ ಅಮ್ಮನ ಹಲ್ಲಿನ ಬುಡದಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ವೈದ್ಯರಿಗೆ ಇದು ಗೊತ್ತಾಗಿ ಎಂಬತ್ತು ವರ್ಷ ದಾಟಿದೆ. 1938ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮೆರಿಟ್ ಮತ್ತು ಪುಟ್ನಮ್ ಎಂಬ ವೈದ್ಯರು ಫೆನಿಟಾಯಿನ್ ಎಂಬ ಔಷಧಿ ಫಿಟ್ಸ್ ತಡೆಯುತ್ತದೆ ಎಂದು ತೋರಿಸಿದರು. ಈಗ ನಿಮ್ಮ ಅಣ್ಣನ ಮಗ ತೆಗೆದುಕೊಳ್ಳುತ್ತಿರುವ ಎಪ್ಟಾಯಿನ್ ಇದೇ. ಮರುವರ್ಷ, 1939ರಲ್ಲೇ, ಕಿಂಬಾಲ್ ಎಂಬ ಇನ್ನೊಬ್ಬ ವೈದ್ಯರು ಈ ಔಷಧಿ ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವಸಡು ಬೆಳೆದಿದ್ದನ್ನು ವರದಿ ಮಾಡಿದರು. 1980ರ ದಶಕದಲ್ಲಿ ಇನ್ನೆರಡು ಬಗೆಯ ಔಷಧಿಗಳ ಮೇಲೂ ಇದೇ ದೂರು ಬಂತು. ಒಂದು, ಕಿಡ್ನಿ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್. ಇನ್ನೊಂದು, ಬಿಪಿಗೆ ಕೊಡುವ ನಿಫೆಡಿಪಿನ್. ಅಮ್ಲೋಡಿಪಿನ್ ಇದೇ ನಿಫೆಡಿಪಿನ್‌ನ ತಮ್ಮ ಇದ್ದಂತೆ, ಸ್ವಲ್ಪ ಸಾಧು ಸ್ವಭಾವದ್ದು. ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವಸಡು ಬೆಳೆದರೆ, ಅಮ್ಲೋಡಿಪಿನ್‌ನಲ್ಲಿ ನೂರಕ್ಕೆ ಮೂರು ಜನರ ಆಸುಪಾಸು. ಆದರೆ ನಮ್ಮಲ್ಲಿ ಬಿಪಿಗೆ ಅತಿ ಹೆಚ್ಚು ಬರೆಯುವ ಮಾತ್ರೆಗಳಲ್ಲಿ ಇದೂ ಒಂದು. ಸರ್ಕಾರಿ ಆಸ್ಪತ್ರೆಗಳಲ್ಲೂ ಉಚಿತವಾಗಿ ಸಿಗುತ್ತದೆ. ಹಾಗಾಗಿ ನೂರಕ್ಕೆ ಮೂರು ಅಂದರೂ ಹಲ್ಲಿನ ಚಿಕಿತ್ಸೆಗೆ ನನ್ನ ಕುರ್ಚಿಗೆ ಬರುವವರ ಸಂಖ್ಯೆ ಕಡಿಮೆಯೇನಲ್ಲ.

ಒಂದು ವಿಚಿತ್ರ ಗಮನಿಸಿದಿರಾ? ಒಂದು ಫಿಟ್ಸ್‌ಗೆ, ಒಂದು ಬಿಪಿಗೆ, ಒಂದು ಕಸಿ ಮಾಡಿದ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ. ಮೂರಕ್ಕೂ ಸಂಬಂಧವೇ ಇಲ್ಲ. ಆದರೂ ಮೂರೂ ಬಂದು ಮುಟ್ಟುವುದು ವಸಡನ್ನೇ. ಯಾಕೆ?

ಇದು ತಿಳಿಯಬೇಕಾದರೆ ವಸಡು ದಿನವೂ ಏನು ಮಾಡುತ್ತದೆ ಅಂತ ನೋಡಬೇಕು. ವಸಡಿನ ಗಟ್ಟಿತನಕ್ಕೆ ಕಾರಣ ಕೊಲಾಜೆನ್ ಎಂಬ ನಾರು. ಆ ನಾರನ್ನು ನೇಯುವುದು ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶ. ನಾವು ಊಟ ಮಾಡುವಾಗ, ಮುದ್ದೆ ನುಂಗುವಾಗ, ಚಕ್ಕುಲಿ ಕಡಿಯುವಾಗ ವಸಡಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಅದಕ್ಕೆ ಇಲ್ಲಿ ಹಳೇ ನಾರು ಕಳಚುವುದು, ಹೊಸದು ನೇಯುವುದು ಚರ್ಮಕ್ಕಿಂತ ಬೇಗ ಬೇಗ ನಡೆಯುತ್ತದೆ. ಮಜಾ ಏನೆಂದರೆ, ನೇಯುವ ಕೋಶವೇ ಕಳಚುವ ಕೆಲಸವನ್ನೂ ಮಾಡುತ್ತದೆ. ಹಳೇ ನಾರನ್ನು ಕತ್ತರಿಸುವ ಕಿಣ್ವಗಳನ್ನು ಹೊರಗೆ ಬಿಡುತ್ತದೆ. ತುಂಡಾದ ನಾರನ್ನು ತಾನೇ ನುಂಗಿ ಒಳಗೆ ಜೀರ್ಣ ಮಾಡುತ್ತದೆ. ನೇಯುವುದು ಮತ್ತು ಕಳಚುವುದು ಸಮ ಸಮ ಇದ್ದರೆ ವಸಡು ಇದ್ದಷ್ಟೇ ಇರುತ್ತದೆ.

ಈ ಮೂರೂ ಔಷಧಿಗಳು ಕೈ ಹಾಕುವುದು ಕಳಚುವ ಕೆಲಸಕ್ಕೆ. ಹೊರಗಿಂದ ಬೇರೆ ಬೇರೆ ಕಂಡರೂ, ಜೀವಕೋಶದ ಮಟ್ಟದಲ್ಲಿ ಮೂರರ ದಾರಿಯೂ ಒಂದೇ ಕಡೆ ಸೇರುತ್ತದೆ. ಅಮ್ಲೋಡಿಪಿನ್ ಕ್ಯಾಲ್ಸಿಯಂ ಒಳಗೆ ಹೋಗುವ ಬಾಗಿಲನ್ನು ಕಿರಿದು ಮಾಡುತ್ತದೆ. ರಕ್ತನಾಳದ ಸ್ನಾಯು ಸಡಿಲವಾಗಿ ಬಿಪಿ ಇಳಿಯುವುದು ಹಾಗೆಯೇ. ಫೆನಿಟಾಯಿನ್ ಮುಖ್ಯವಾಗಿ ಸೋಡಿಯಂ ಬಾಗಿಲನ್ನು ಹಿಡಿಯುತ್ತದೆ, ಕ್ಯಾಲ್ಸಿಯಂ ಓಡಾಟಕ್ಕೂ ತೊಡಕು ಮಾಡುತ್ತದೆ. ಸೈಕ್ಲೋಸ್ಪೋರಿನ್ ಕ್ಯಾಲ್ಸಿಯಂ ಕೊಡುವ ಸಂದೇಶವನ್ನೇ ಕೋಶದ ಒಳಗೆ ತಡೆಯುತ್ತದೆ. ಫೈಬ್ರೋಬ್ಲಾಸ್ಟ್ ನಾರನ್ನು ಹಿಡಿದು ನುಂಗಬೇಕಾದರೆ ಈ ಕ್ಯಾಲ್ಸಿಯಂ ಬೇಕು. ಜೊತೆಗೆ ಫೋಲಿಕ್ ಆಸಿಡ್ ಕೋಶದೊಳಗೆ ಹೋಗುವುದೂ ಕಡಿಮೆಯಾಗುತ್ತದೆ, ಅದರಿಂದ ನಾರು ಕತ್ತರಿಸುವ ಕಿಣ್ವ ಸರಿಯಾಗಿ ಚುರುಕಾಗುವುದಿಲ್ಲ ಎಂಬ ವಿವರಣೆ ಇದೆ. ಇನ್ನೊಂದು ಕಡೆ, ನಾರು ನೇಯಲು ಹುರುಪು ಕೊಡುವ ಕೆಲವು ರಾಸಾಯನಿಕಗಳು ಜಾಸ್ತಿಯಾಗುತ್ತವೆ. ನೇಯುವುದು ನಿಲ್ಲಲಿಲ್ಲ, ಕಳಚುವುದು ನಿಧಾನವಾಯಿತು. ಪೇಟೆಯಲ್ಲಿ ಕಸದ ಗಾಡಿ ವಾರಕ್ಕೊಮ್ಮೆ ಮಾತ್ರ ಬಂದರೆ ಏನಾಗುತ್ತದೋ ಅದೇ ಇಲ್ಲೂ ಆಗುತ್ತದೆ. ನಾರು ಗುಡ್ಡೆ ಬೀಳುತ್ತದೆ.

ಹಾಗಾದರೆ ಈ ಮಾತ್ರೆ ತಿನ್ನುವ ಎಲ್ಲರಿಗೂ ಆಗಬೇಕಲ್ಲ? ಆಗುವುದಿಲ್ಲ. ಯಾರ ವಸಡಿನ ಫೈಬ್ರೋಬ್ಲಾಸ್ಟ್ ಈ ಔಷಧಿಗೆ ಹೆಚ್ಚು ಸ್ಪಂದಿಸುತ್ತದೆ ಎಂಬುದು ಹುಟ್ಟಿನಿಂದ ಬಂದದ್ದು, ಅದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಎರಡನೇ ಕಾರಣ. ಅದು ಹಲ್ಲಿನ ಬುಡದಲ್ಲಿ ಕೂರುವ ಬಿಳಿ ಪಾಚಿ, ನಾವು ಪ್ಲೇಕ್ ಎನ್ನುವುದು. ಉಗುರಿನಿಂದ ಕೆರೆದರೆ ಮೆತ್ತಗೆ ಬರುತ್ತದಲ್ಲ, ಅದೇ. ಅದು ತುಂಬ ದಿನ ಕೂತು ಗಟ್ಟಿಯಾದರೆ ಕಲ್ಲಿನ ಹಾಗೆ ಅಂಟಿಕೊಳ್ಳುತ್ತದೆ. ಪಾಚಿಯಲ್ಲಿರುವ ಬ್ಯಾಕ್ಟೀರಿಯಾದಿಂದ ವಸಡು ಕೆರಳಿ ಬಾತುಕೊಳ್ಳುತ್ತದೆ. ಕೆರಳಿದ ವಸಡಿನ ಮೇಲೆ ಔಷಧಿಯ ಪ್ರಭಾವ ಇನ್ನೂ ಜೋರು. ಅದೂ ಅಲ್ಲದೆ ಅಮ್ಲೋಡಿಪಿನ್ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಪ್ರಮಾಣದಲ್ಲಿ, ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಜಿನುಗುವ ದ್ರವದಲ್ಲಿ ಸೇರಿಕೊಳ್ಳುವುದನ್ನು ಸಂಶೋಧಕರು ಕಂಡಿದ್ದಾರೆ.

ಈ ಪಾಚಿಯ ಪಾತ್ರಕ್ಕೆ ನನಗೆ ಕಾಣುವ ಒಳ್ಳೆಯ ಸಾಕ್ಷಿ ಒಂದಿದೆ. ಹಲ್ಲು ಉದುರಿ ಬರೀ ವಸಡು ಉಳಿದ ಜಾಗದಲ್ಲಿ ಈ ಬೆಳವಣಿಗೆ ಆಗುವುದು ಬಲು ಅಪರೂಪ. ಅದೇ ಮನುಷ್ಯ, ಅದೇ ಮಾತ್ರೆ, ಅದೇ ಬಾಯಿ. ಹಲ್ಲಿರುವ ಕಡೆ ಬೆಳೆಯುತ್ತದೆ, ಇಲ್ಲದ ಕಡೆ ಇಲ್ಲ.

ನಿಮ್ಮ ಅಮ್ಮನ ವಿವರ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮುಂದಿನ ಹಲ್ಲುಗಳ ಸಂದಿಯಲ್ಲಿ ಮುತ್ತಿನ ಹಾಗೆ ಗುಂಡಗೆ ಶುರುವಾಗುವುದು, ನೋವಿಲ್ಲದಿರುವುದು, ಡೋಸ್ 10 ಆದ ಕೆಲವು ತಿಂಗಳಿಗೆ ಕಾಣಿಸಿದ್ದು. ಡೋಸ್‌ಗೂ ಬೆಳವಣಿಗೆಗೂ ನೇರ ಲೆಕ್ಕವೇನೂ ಇಲ್ಲ, 5 ಮಿಲಿಗ್ರಾಂನಲ್ಲೂ ಆದವರನ್ನು ನೋಡಿದ್ದೇನೆ. ಮೆಟ್‌ಫಾರ್ಮಿನ್ ಮೇಲೆ ಅನುಮಾನ ಬೇಡ, ಅದರಿಂದ ವಸಡು ಹೀಗೆ ಬೆಳೆಯುವುದಿಲ್ಲ. ಆದರೆ ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ಸೋಂಕು ಜೋರಾಗುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಟೆಸ್ಟ್ ಈಚೆಗೆ ಮಾಡಿಸದಿದ್ದರೆ ಈಗ ಮಾಡಿಸಿ.

ಹಾಗಂತ ನಾನು ಬಾಯಿ ನೋಡದೆ ಇದು ಅದೇ ಎಂದು ಷರಾ ಬರೆಯಲಾರೆ. ಎರಡು ಮೂರು ವಾರದಲ್ಲೇ ವಸಡು ದಿಢೀರನೆ ಊದಿಕೊಂಡು, ತನ್ನಷ್ಟಕ್ಕೆ ರಕ್ತ ಜಿನುಗಿ, ಜೊತೆಗೆ ಜ್ವರ, ಸುಸ್ತು, ಮೈ ಬಿಳುಚಿಕೊಳ್ಳುವುದು ಇದ್ದರೆ ಮೊದಲು ರಕ್ತದ ಪರೀಕ್ಷೆ ಆಗಬೇಕು. ಕೆಲವು ಬಗೆಯ ರಕ್ತದ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ವಸಡಿನಲ್ಲೇ. ಒಂದೇ ಕಡೆ ಮಾತ್ರ ಗಡ್ಡೆ ಎದ್ದಿದ್ದರೆ, ಅದರಲ್ಲೂ ಎಲೆ ಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ, ಚೂರು ತೆಗೆದು ಬಯಾಪ್ಸಿಗೆ ಕಳಿಸಲೇಬೇಕು. ನೀವು ಬರೆದದ್ದರಲ್ಲಿ ಇಂಥದ್ದೇನೂ ಕಾಣುತ್ತಿಲ್ಲ. ಆದರೂ ದಂತವೈದ್ಯರು ಖುದ್ದಾಗಿ ನೋಡಲಿ.

ಅಲ್ಲಿಗೆ ಹೋಗುವಾಗ ಅಮ್ಮ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಕವರಿನಲ್ಲಿ ಹಾಕಿಕೊಂಡು ಹೋಗಿ. ಇದು ಸಣ್ಣ ವಿಷಯವಲ್ಲ. "ಯಾವ ಮಾತ್ರೆ ತಗೋತೀರಿ" ಎಂದು ಕೇಳಿದರೆ ಹೆಚ್ಚಿನವರು "ಬಿಪಿದು, ಬಿಳಿ ಮಾತ್ರೆ" ಎನ್ನುತ್ತಾರೆ. ಕೆಲವರು ಹೇಳುವುದೇ ಇಲ್ಲ, ಹಲ್ಲಿಗೂ ಬಿಪಿಗೂ ಏನು ಸಂಬಂಧ ಅಂತ. ಎಷ್ಟೋ ಮಾತ್ರೆಗಳಲ್ಲಿ ಅಮ್ಲೋಡಿಪಿನ್ ಇನ್ನೊಂದು ಔಷಧಿಯ ಜೊತೆ ಬೆರೆತಿರುತ್ತದೆ. ಹೆಸರಿನ ಕೊನೆಯಲ್ಲಿ ಬರೀ ಎಎಂ ಎಂದೋ ಎಟಿ ಎಂದೋ ಇರುತ್ತದೆ. ಸ್ಟ್ರಿಪ್‌ನ ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಓದಿದರೆ ಮಾತ್ರ ಗೊತ್ತಾಗುವುದು.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ವೃತ್ತಿಗೆ ಬಂದ ಹೊಸತರಲ್ಲಿ ಒಬ್ಬ ರೈತರು ಬಂದಿದ್ದರು. ವಸಡು ಹಲ್ಲನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿತ್ತು. ಮಾತಾಡುವಾಗೆಲ್ಲ ಟವೆಲ್ ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ನಾನು ಬೆಳೆದ ವಸಡನ್ನು ಕತ್ತರಿಸಿ ಚಂದ ಮಾಡಿ ಕಳಿಸಿದೆ. ಅವರಿಗೂ ಖುಷಿ, ನನಗೂ ಖುಷಿ. ಏಳೆಂಟು ತಿಂಗಳಿಗೆ ಅದೇ ಟವೆಲ್ ಅಡ್ಡ ಹಿಡಿದು ಮತ್ತೆ ಬಂದರು. ವಸಡು ಮೊದಲಿದ್ದಷ್ಟೇ ಬೆಳೆದಿತ್ತು. ಆಗ ಕೇಳಿದಾಗ ಗೊತ್ತಾಯಿತು, ವರ್ಷಗಳಿಂದ ನಿಫೆಡಿಪಿನ್ ನುಂಗುತ್ತಿದ್ದರು. ನಾನು ಮೊದಲ ದಿನ ಕೇಳಬೇಕಿದ್ದ ಒಂದೇ ಪ್ರಶ್ನೆ ಕೇಳಿರಲಿಲ್ಲ. ಅವರಿಗೆ ಎರಡು ಸಲ ನೋವು ಕೊಟ್ಟೆನಲ್ಲ ಎಂಬುದು ಇವತ್ತಿಗೂ ನೆನಪಾಗುತ್ತದೆ.

ಹಾಗಾಗಿ ಅಮ್ಮನ ವಿಷಯದಲ್ಲಿ ನಾನು ಹೇಳುವ ಕ್ರಮ ಇದು. ಮೊದಲು ಕ್ಲೀನಿಂಗ್, ಜೊತೆಜೊತೆಗೇ ಮಾತ್ರೆ ಬದಲಿಸುವ ಮಾತು. ಕತ್ತರಿಸುವುದು ಕೊನೆಗೆ, ಅದೂ ಬೇಕಾದರೆ ಮಾತ್ರ.

ಕ್ಲೀನಿಂಗ್‌ನಿಂದ ಹಲ್ಲು ಸಡಿಲ ಆಗುತ್ತೆ ಎಂಬ ಭಯ ನಿಮ್ಮ ಅಮ್ಮನದೊಂದೇ ಅಲ್ಲ, ಊರೂರಲ್ಲೂ ಇದೆ. ಅವರಿಗೆ ಹೀಗೆ ಹೇಳಿ ನೋಡಿ. ಹಳೇ ಗೋಡೆಯ ಬಿರುಕಿನಲ್ಲಿ ಅಶ್ವತ್ಥದ ಗಿಡ ಬೇರು ಬಿಟ್ಟಿರುತ್ತದೆ. ಕಿತ್ತ ಮೇಲೆ ಬಿರುಕು ಕಾಣುತ್ತದೆ. ಬಿರುಕು ಮಾಡಿದ್ದು ಕಿತ್ತವನಲ್ಲ, ಗಿಡ. ಹಲ್ಲಿನ ಬುಡದಲ್ಲಿ ಕೂತ ಕಲ್ಲಿನಂಥ ಪಾಚಿ ಒಳಗಿನ ಮೂಳೆಯನ್ನು ವರ್ಷಗಟ್ಟಲೆ ಸವೆಸಿರುತ್ತದೆ. ಆ ಕಲ್ಲೇ ಹಲ್ಲುಗಳನ್ನು ಅಂಟಿಸಿ ಹಿಡಿದಿರುವುದರಿಂದ ಅಲುಗಾಟ ಗೊತ್ತಾಗುವುದಿಲ್ಲ. ತೆಗೆದ ಮೇಲೆ ಕೆಲವು ದಿನ ಸಡಿಲ ಅನ್ನಿಸಬಹುದು, ತಣ್ಣೀರು ಜುಂ ಎನ್ನಬಹುದು. ವಸಡಿನ ಬಾವು ಇಳಿದಂತೆ ಹೆಚ್ಚಿನ ಹಲ್ಲುಗಳು ಮತ್ತೆ ಬಿಗಿಯಾಗುತ್ತವೆ. ಕಲ್ಲನ್ನು ಹಾಗೇ ಬಿಟ್ಟರೇ ಹಲ್ಲು ಕಳೆದುಕೊಳ್ಳುವ ಅಪಾಯ ಜಾಸ್ತಿ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಮೆತ್ತನೆಯ ಬ್ರಷ್, ಬೆಳಿಗ್ಗೆ ಒಮ್ಮೆ, ರಾತ್ರಿ ಊಟದ ಮೇಲೆ ಒಮ್ಮೆ. ರಾತ್ರಿಯದ್ದು ತಪ್ಪಿಸಲೇಬಾರದು. ಬ್ರಷ್‌ನ ಎಳೆಗಳು ಹಲ್ಲೂ ವಸಡೂ ಸೇರುವ ಗೆರೆಯ ಮೇಲೆ ಓರೆಯಾಗಿ ಕೂರಬೇಕು. ರಕ್ತ ಬರುತ್ತದೆ ಅಂತ ಆ ಜಾಗವನ್ನು ಬಿಟ್ಟು ಉಜ್ಜುವುದೇ ದೊಡ್ಡ ತಪ್ಪು. ರಕ್ತ ಬರುವ ಕಡೆಯೇ ಪಾಚಿ ಇರುವುದು. ಹತ್ತು ಹದಿನೈದು ದಿನ ಬಿಡದೆ ಮೆತ್ತಗೆ ಉಜ್ಜಿದರೆ ರಕ್ತ ಕಡಿಮೆಯಾಗುತ್ತದೆ. ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ. ಯಾವ ಅಳತೆಯದು ಅಂತ ದಂತವೈದ್ಯರೇ ಹೇಳುತ್ತಾರೆ, ಉಪಯೋಗಿಸುವುದನ್ನು ಕನ್ನಡಿ ಹಿಡಿದು ತೋರಿಸಲು ಕೇಳಿ. ಇದ್ದಿಲು, ಇಟ್ಟಿಗೆ ಪುಡಿ, ಕಲ್ಲುಪ್ಪು ಹಾಕಿ ತಿಕ್ಕುವುದು ಬೇಡ, ವಸಡು ತರಚಿ ಇನ್ನಷ್ಟು ಕೆರಳುತ್ತದೆ. ಬಿಸಿ ಉಪ್ಪುನೀರು ಮುಕ್ಕಳಿಸಿ ಉಗುಳುವುದರಿಂದ ಬಿಪಿಗೇನೂ ತೊಂದರೆ ಇಲ್ಲ. ವೈದ್ಯರು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟರೆ ಎರಡು ವಾರದ ಮಟ್ಟಿಗೆ ಸರಿ. ಹಲ್ಲುಜ್ಜಿದ ತಕ್ಷಣ ಬೇಡ, ಅರ್ಧ ಗಂಟೆ ಬಿಟ್ಟು. ಜಾಸ್ತಿ ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ನಾಲಿಗೆಗೆ ರುಚಿ ತಪ್ಪುತ್ತದೆ.

ಇನ್ನು ಮಾತ್ರೆ ಬದಲಿಸುವುದು. ಇದನ್ನು ನಾನಾಗಲಿ, ನಿಮ್ಮೂರಿನ ದಂತವೈದ್ಯರಾಗಲಿ ಮಾಡುವುದಲ್ಲ. ದಂತವೈದ್ಯರಿಂದ ಒಂದು ಚೀಟಿ ಬರೆಸಿಕೊಂಡು ಬಿಪಿ ನೋಡುವ ವೈದ್ಯರ ಬಳಿ ಹೋಗಿ. ವಸಡಿನ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಂಡರೆ ಒಳ್ಳೆಯದು. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಾಲಾಪ್ರಿಲ್‌ನಂಥ ಬೇರೆ ಗುಂಪಿನ ಮಾತ್ರೆಗಳಿವೆ. ಶುಗರ್ ಇರುವವರ ಕಿಡ್ನಿಗೆ ಇವು ಒಳ್ಳೆಯವು ಕೂಡ. ಕಿಡ್ನಿ ಮತ್ತು ಪೊಟ್ಯಾಸಿಯಂ ಪರೀಕ್ಷೆ ನೋಡಿ ವೈದ್ಯರು ತೀರ್ಮಾನ ಮಾಡುತ್ತಾರೆ. ಕೆಲವರಿಗೆ ಅಮ್ಲೋಡಿಪಿನ್ ಬಿಟ್ಟರೆ ಬಿಪಿ ಹತೋಟಿಗೆ ಬರುವುದೇ ಇಲ್ಲ. ಅಂಥವರಿಗೆ ಮಾತ್ರೆ ಮುಂದುವರಿಸಿ, ಮೂರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಿಕೊಂಡು ವಸಡನ್ನು ಹಿಡಿತದಲ್ಲಿ ಇಡಬಹುದು. ಹಾಗೆ ವರ್ಷಗಳಿಂದ ಚೆನ್ನಾಗಿರುವವರು ನನ್ನಲ್ಲಿಗೆ ಬರುತ್ತಾರೆ.

ಮಾತ್ರೆ ಬದಲಾದರೆ ಕೆಲವೇ ವಾರಗಳಲ್ಲಿ ವಸಡು ಇಳಿಯಲು ಶುರುವಾಗುತ್ತದೆ, ಎರಡು ತಿಂಗಳಲ್ಲಿ ಸಾಕಷ್ಟು ವ್ಯತ್ಯಾಸ ಕಾಣುತ್ತದೆ. ಆರು ತಿಂಗಳು ಕಾಯುವುದು ಒಳ್ಳೆಯದು. ಕೆಂಪಗೆ ಮೆತ್ತಗಿರುವ ವಸಡು ಬೇಗ ಇಳಿಯುತ್ತದೆ. ತುಂಬ ಹಳೆಯದಾಗಿ ನಾರುಗಟ್ಟಿ ರಬ್ಬರಿನ ಹಾಗಾಗಿದ್ದರೆ ಪೂರ್ತಿ ಇಳಿಯದೆ ಉಳಿಯಬಹುದು. ಆಗ ಉಳಿದದ್ದನ್ನು ಜಾಗ ಮರಗಟ್ಟಿಸಿ ಬ್ಲೇಡ್‌ನಿಂದಲೋ ಲೇಸರ್‌ನಿಂದಲೋ ತೆಗೆಯುತ್ತಾರೆ. ಲೇಸರ್‌ನಲ್ಲಿ ರಕ್ತ ಕಡಿಮೆ ಹೋಗುತ್ತದೆ, ಅಷ್ಟೇ. ಅದಕ್ಕೆ ಮೊದಲು ಬಿಪಿಯೂ ಶುಗರೂ ಹತೋಟಿಯಲ್ಲಿರಲೇಬೇಕು. ಇಂದು ಮಾತ್ರೆ ಶುರು ಮಾಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಈಗ ನಿಮ್ಮ ಅಣ್ಣನ ಮಗನ ವಿಷಯ. ಎಪ್ಟಾಯಿನ್ ಶುರುವಾಗಿ ಬರೀ ಒಂದು ತಿಂಗಳು ಅಂದಿರಿ. ವಸಡಿನ ಬದಲಾವಣೆ ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲಿ ಕಾಣಿಸಲು ಶುರುವಾಗುತ್ತದೆ. ಅಂದರೆ ತಡೆಯಲು ಇದೇ ಸರಿಯಾದ ಸಮಯ. ದೆಹಲಿಯ ಏಮ್ಸ್‌ನಲ್ಲಿ 6ರಿಂದ 15 ವರ್ಷದ 120 ಮಕ್ಕಳ ಮೇಲೆ ಒಂದು ಅಧ್ಯಯನ ನಡೆದು 2011ರಲ್ಲಿ ಪ್ರಕಟವಾಯಿತು. ಎಲ್ಲರೂ ಫೆನಿಟಾಯಿನ್ ಹೊಸದಾಗಿ ಶುರು ಮಾಡಿದವರು. ಕೆಲವರಿಗೆ ದಿನಕ್ಕೆ ಅರ್ಧ ಮಿಲಿಗ್ರಾಂ ಫೋಲಿಕ್ ಆಸಿಡ್, ಉಳಿದವರಿಗೆ ಔಷಧಿಯಿಲ್ಲದ ಸುಮ್ನೆ ಮಾತ್ರೆ ಕೊಟ್ಟರು. ಆರು ತಿಂಗಳ ನಂತರ ಫೋಲಿಕ್ ಆಸಿಡ್ ಪಡೆದವರಲ್ಲಿ ನೂರಕ್ಕೆ 21 ಮಕ್ಕಳಿಗೆ ವಸಡು ಬೆಳೆದಿತ್ತು. ಪಡೆಯದವರಲ್ಲಿ ನೂರಕ್ಕೆ 88 ಮಕ್ಕಳಿಗೆ. ಅಗ್ಗದ, ಎಲ್ಲೆಡೆ ಸಿಗುವ ಒಂದು ಮಾತ್ರೆಯಿಂದ ಇಷ್ಟು ವ್ಯತ್ಯಾಸ.

ಆದರೆ ಮೆಡಿಕಲ್ ಶಾಪ್‌ಗೆ ಹೋಗಿ ನೀವೇ ತಂದು ಕೊಡಬೇಡಿ. ಫೋಲಿಕ್ ಆಸಿಡ್ ಜಾಸ್ತಿಯಾದರೆ ರಕ್ತದಲ್ಲಿ ಫೆನಿಟಾಯಿನ್ ಪ್ರಮಾಣ ಇಳಿದು ಮತ್ತೆ ಫಿಟ್ಸ್ ಬರಬಹುದು. ಮುಂದಿನ ಸಲ ತೋರಿಸಲು ಹೋದಾಗ ನರರೋಗ ವೈದ್ಯರನ್ನು ನೇರವಾಗಿ ಎರಡು ಮಾತು ಕೇಳಲಿ: ಇವನಿಗೆ ಫೋಲಿಕ್ ಆಸಿಡ್ ಕೊಡಬಹುದಾ, ಎಷ್ಟು? ಎಪ್ಟಾಯಿನ್ ಬದಲು ಲೆವೆಟಿರಾಸೆಟಮ್‌ನಂಥ ಬೇರೆ ಔಷಧಿ ಇವನಿಗೆ ಹೊಂದುತ್ತಾ? ಉತ್ತರ ಏನೇ ಬರಲಿ, ಎಪ್ಟಾಯಿನ್ ಒಂದು ಹೊತ್ತೂ ತಪ್ಪಬಾರದು. ಥಟ್ಟನೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಮತ್ತೆ, ಒಂಬತ್ತು ವರ್ಷದ ಹುಡುಗರು ರಾತ್ರಿ ನಿದ್ದೆಗಣ್ಣಲ್ಲಿ ಬ್ರಷ್ ಬಾಯಿಗಿಟ್ಟು ತೆಗೆಯುತ್ತಾರೆ, ಅಲ್ವಾ? ಇನ್ನೊಂದೆರಡು ವರ್ಷ ರಾತ್ರಿಯ ಬ್ರಷ್ ಅವನ ಕೈಯಲ್ಲಿ ಬೇಡ. ಅಪ್ಪನೋ ಅಮ್ಮನೋ ಹಿಂದೆ ನಿಂತು, ತುಟಿ ಸರಿಸಿ, ವಸಡಿನ ಗೆರೆ ನೋಡಿಕೊಂಡು ತಾವೇ ಉಜ್ಜಲಿ.